ಭಾವನಿಗೆ ಮೊದಲ ಸವಾರಿ

2022ರಲ್ಲಿ ನಾನು ಯಶವಂತಪುರದ ರೈಲು ನಿಲ್ದಾಣದ ಆಚೆ ಬದಿಯ ಒಂದು ಬಾಡಿಗೆ ಶೆಡ್ಡಿನಲ್ಲಿ ಬೋಟ್ ಇಂಜಿನ್ ಮೆಕ್ಯಾನಿಕ್ ಆಗಿದ್ದೆ. ಈಗಲೂ ಅದೇ ಶೆಡ್ಡು, ಅದೇ ಕೆಲಸ. ಆಗ ನಾವು ಇಬ್ಬರಿದ್ದೆವು. ಈಗ ನಾನೊಬ್ಬನೇ.

ಇನ್ನೊಬ್ಬನ ಹೆಸರು ರಾಮಾಂಜಿನಪ್ಪ. ನನಗೆ ಅವನು ರಾಮಾಂಜಿ. ಐಟಿಐನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಶೆಡ್ಡು. ಇಂಜಿನ್ ನನ್ನದು, ಬೋಟಿನ ಒಡಲು ಅವನದು. ಸಮುದ್ರವಿಲ್ಲದ ಊರಿನಲ್ಲಿ ಬೋಟ್ ರಿಪೇರಿಯವರಿಗೆ ಏನು ಕೆಲಸ ಎಂದು ಜನ ನಗುತ್ತಾರೆ. ಕೆರೆಗಳಲ್ಲಿ ಬೋಟಿಂಗ್ ಇದೆ, ಜಲಾಶಯಗಳ ಹಿನ್ನೀರಿನಲ್ಲಿ ರೆಸಾರ್ಟುಗಳಿವೆ. ಆ ಬೋಟುಗಳು ಕೆಟ್ಟಾಗ ಯಾರ ಹತ್ತಿರವಾದರೂ ಬರಲೇಬೇಕಲ್ಲ. ರಿಪೇರಿಯ ಜೊತೆಗೆ ನಮಗೆ ಇನ್ನೊಂದು ಕೆಲಸವಿತ್ತು. ಹಳೆಯ ಬೋಟು ಕೊಳ್ಳುವವರು ಮಾತು ಮುಗಿಸುವ ಮೊದಲು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಇದಕ್ಕೆ ಸರ್ವೇ ಎನ್ನುತ್ತೇವೆ. ನಾನು ಇಂಜಿನ್ ಬಿಚ್ಚಿ ನೋಡುತ್ತಿದ್ದೆ, ಅವನು ಪ್ಲಾಸ್ಟಿಕ್ ಸುತ್ತಿಗೆಯಿಂದ ಒಡಲನ್ನು ಉದ್ದಕ್ಕೂ ತಟ್ಟುತ್ತ ಹೋಗುತ್ತಿದ್ದ. ಕೊನೆಗೆ ಇಬ್ಬರೂ ಒಂದು ಮಾತು ಹೇಳುತ್ತಿದ್ದೆವು, ತಗೊಳ್ಳಿ ಅಥವಾ ಬೇಡ.

ರಾಮಾಂಜಿ ಹೋದ ವರ್ಷ ತೀರಿಕೊಂಡ. ಶ್ವಾಸಕೋಶದ ಕಾಯಿಲೆ. ಬೀಡಿ ಸಿಗರೇಟು ಮುಟ್ಟಿದವನಲ್ಲ, ವರ್ಷಾನುಗಟ್ಟಲೆ ಉಜ್ಜಿದ ಫೈಬರ್‌ಗ್ಲಾಸಿನ ಧೂಳು ಎಂದರು ಡಾಕ್ಟರು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕುಳಿತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವನ ಮೇಲಲ್ಲ. ಹಾಗಾಗಿ ಸಿಟ್ಟು ಬಂದ ಕಡೆಯಿಂದಲೇ ಶುರು ಮಾಡುತ್ತೇನೆ. ಇದು ನಾವಿಬ್ಬರೂ ಸೇರಿ ನೋಡಿದ ಒಂದು ಹಳೆಯ ಬೋಟಿನ ಸಂಗತಿ.

ರಾಮಾಂಜಿಯ ಹೆಂಡತಿ ಜಯಮ್ಮ ಅಟ್ಟೂರಿನವರು, ಮದುವೆಯ ಮೇಲೆ ಇಬ್ಬರೂ ಅಲ್ಲೇ ಮನೆ ಮಾಡಿದ್ದರು. ಅವರ ತಮ್ಮ ಮುನಿರಾಜು. ಹಿಂದೆ ರಾಗಿ, ಹುರುಳಿ ಬೆಳೆಯುತ್ತಿದ್ದ ಮನೆ. ಈಗ ಆ ಹೊಲಗಳ ಮೇಲೆ ಅವರೇ ಕಟ್ಟಿದ ಅಪಾರ್ಟ್‌ಮೆಂಟುಗಳಿವೆ. ಮುನಿರಾಜು ಕೆಟ್ಟವನಲ್ಲ. ಕಷ್ಟಕ್ಕೆ ಕರೆದರೆ ಬರುವ ಮನುಷ್ಯ. ಅವನು ಒಂದು ಜಲಾಶಯದ ಹಿನ್ನೀರಿನ ದಡದಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದ. ಒಂದು ದಿನ ಶೆಡ್ಡಿಗೆ ಫೋನ್ ಬಂತು. ರಾಮಾಂಜಿ ಸ್ಪೀಕರ್ ಹಾಕಿದ.

“ಭಾವ, ಬೋಟು ತಗೊಂಡೆ! ಹನ್ನೆರಡು ಸೀಟು. ಇಂಜಿನ್ ಒಳಗಡೆನೇ ಇರೋದು, ಅದೇನೋ ಇನ್‌ಬೋರ್ಡ್ ಅಂತೆ. ಭಾನುವಾರ ಸೋಲದೇವನಹಳ್ಳಿ ಗೋಡೌನಲ್ಲಿ ಪೂಜೆ. ಅಕ್ಕನ್ನೂ ಕರ್ಕೊಂಡು ಬಂದ್ಬಿಡಿ, ಗಂಗಣ್ಣನ್ನೂ ಕರೀರಿ.”

ಗಂಗಣ್ಣ ಅಂದರೆ ನಾನು. ಹೆಸರು ಗಂಗಾಧರ.

ರಾಮಾಂಜಿ ಕೇಳಿದ, “ತಗೊಂಡಾಯ್ತಾ, ತಗೊಬೇಕು ಅಂತಿದೀಯಾ?”

“ತಾಂಬೂಲ ಬದಲಾಯಿಸ್ಕೊಂಡಾಯ್ತು ಭಾವ. ನೀರಿಗೆ ಇಳಿಸೋ ದಿನ ಮೊದಲನೇ ಸವಾರಿ ಅಕ್ಕಂದು, ನಿಮ್ದು. ನಮ್ಮನೇ ಶಾಸ್ತ್ರ ಗೊತ್ತಲ್ಲ.”

ಈ ಎರಡು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೊದಲನೆಯದು ತಾಂಬೂಲ. ಆ ಮನೆಗಳಲ್ಲಿ ಸೈಟು ಕೊಳ್ಳಲಿ, ಲಾರಿ ಕೊಳ್ಳಲಿ, ಒಳ್ಳೆಯ ದಿನ ನೋಡಿ ಹಿರಿಯರ ಎದುರು ಎಲೆ, ಅಡಿಕೆ, ತೆಂಗಿನಕಾಯಿ ಬದಲಾಯಿಸಿಕೊಂಡು ಮುಂಗಡ ಕೊಡುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿದಂತೆ. ಆಮೇಲೆ ಹಿಂದೆ ಸರಿದರೆ ಮಾತಿಗೆ ತಪ್ಪಿದವರು ಎನ್ನಿಸಿಕೊಳ್ಳುತ್ತಾರೆ. ಭೂಮಿಯ ವ್ಯವಹಾರಕ್ಕೆ ಇದು ಒಳ್ಳೆಯ ಪದ್ಧತಿಯೇ ಇರಬಹುದು, ಭೂಮಿ ಕೊಳೆಯುವುದಿಲ್ಲ. ಬೋಟಿನ ವ್ಯಾಪಾರದಲ್ಲಿ ಸರ್ವೇ ಮೊದಲು, ನೀರಿನಲ್ಲಿ ಓಡಿಸಿ ನೋಡುವುದು ಆಮೇಲೆ, ತಾಂಬೂಲ ಕೊನೆಗೆ. ಎರಡನೆಯದು ಮೊದಲ ಸವಾರಿ. ಆ ಮನೆಗೆ ಯಾವ ಹೊಸ ಗಾಡಿ ಬಂದರೂ ಮೊದಲ ಸುತ್ತು ಮನೆಯ ಹಿರಿ ಮಗಳದ್ದು ಮತ್ತು ಅವಳ ಗಂಡನದ್ದು. ಟ್ರ್ಯಾಕ್ಟರಿನಿಂದ ಕಾರಿನವರೆಗೆ ಎಲ್ಲದರಲ್ಲೂ ಮೊದಲು ಕುಳಿತವರು ಜಯಮ್ಮ ಮತ್ತು ರಾಮಾಂಜಿ.

“ಬೋಟು ರಿಪೇರಿ ಮಾಡೋನು ಭಾವ ಮನೇಲೇ ಇದೀನಿ. ಒಂದು ಮಾತು ಕೇಳ್ಬಾರ್ದಾ ಇವ್ನು?” ಎಂದ ರಾಮಾಂಜಿ ಫೋನ್ ಇಟ್ಟು.

ಭಾನುವಾರ ಹೋದೆವು. ಗೋಡೌನಿನಲ್ಲಿ ಟ್ರೈಲರ್ ಮೇಲೆ ಬೋಟು ನಿಂತಿತ್ತು. ಹೊರಗೆ ಬಿಳಿ ಬಣ್ಣ, ಒಳಗೆ ಹೊಸ ಕಾರ್ಪೆಟ್. ಮಾವಿನ ತೋರಣ, ಚೆಂಡು ಹೂವಿನ ಹಾರ, ಟ್ರೈಲರಿನ ಚಕ್ರಗಳಡಿ ನಿಂಬೆಹಣ್ಣು, ಬೂದುಗುಂಬಳ ಎಲ್ಲ ಸಿದ್ಧವಾಗಿತ್ತು. ಬೋಟು ಕೊಡಿಸಿದ ಬ್ರೋಕರ್ ಲೋಕೇಶ ಮದುವೆ ಮನೆಯವನಂತೆ ಓಡಾಡುತ್ತಿದ್ದ. ಅವನ ಮೂಲ ಕಸುಬು ಸೈಟು ಕೊಡಿಸುವುದು. ನಡುವೆ ಹಳೆಯ ಜೆಸಿಬಿ ಕೊಡಿಸಿದ್ದ. ವಾರ್ಡಿನ ಚುನಾವಣೆಗೆ ನಿಲ್ಲುವ ಆಸೆಯೂ ಇತ್ತು, ಅದಕ್ಕಾಗಿ ಯಾರ ಮನೆಯ ಪೂಜೆಯಾದರೂ ಇರುತ್ತಿದ್ದ.

ಒಡಲಿನ ಪಕ್ಕದಲ್ಲಿ ಕಂಪನಿಯ ಹೆಸರಿನ ತಗಡು ನೋಡಿ ರಾಮಾಂಜಿ ನನ್ನ ಮುಖ ನೋಡಿದ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮುಚ್ಚಿದ ಕಂಪನಿಯ ಬೋಟನ್ನು ಕೊಳ್ಳಲೇಬಾರದು ಎಂದಲ್ಲ, ಅಂಥ ಒಳ್ಳೆಯ ಬೋಟುಗಳನ್ನೂ ನಾವು ನೋಡಿದ್ದೇವೆ. ಆದರೆ ನಡೆಯುತ್ತಿರುವ ಕಂಪನಿಯದಾದರೆ ಒಂದು ಭಾಗ ಹೋದರೆ ತರಿಸಬಹುದು, ಅನುಮಾನ ಬಂದರೆ ಫೋನ್ ಮಾಡಿ ಕೇಳಬಹುದು. ಇಲ್ಲಿ ಕೇಳುವುದಕ್ಕೆ ಯಾರೂ ಇಲ್ಲ. ಇಂಜಿನ್ ಬೇರೆಯವರದಾದ್ದರಿಂದ ಅದರ ಬಿಡಿಭಾಗ ಸಿಕ್ಕೀತು. ಚುಕ್ಕಾಣಿಯ ಹಿಡಿ, ಶಾಫ್ಟಿನ ಬ್ರ್ಯಾಕೆಟ್, ನೀರಿನ ಪಂಪಿನ ಗೂಡು ಇವನ್ನೆಲ್ಲ ಬೋಟಿನ ಕಂಪನಿಯವರು ತಮ್ಮದೇ ಅಳತೆಯಲ್ಲಿ ಮಾಡಿರುತ್ತಾರೆ. ಅಂಥ ಬೋಟನ್ನು ಬೇರೆಯದಕ್ಕಿಂತ ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಇಲ್ಲಿ ಒಂದು ಪಟ್ಟೂ ನೋಡಿರಲಿಲ್ಲ.

ಪುರೋಹಿತರು ಮಂಗಳಾರತಿ ತಟ್ಟೆ ಎತ್ತುವ ಹೊತ್ತಿಗೆ ಲೋಕೇಶ ಬೋಟಿಗೆ ಹತ್ತಿ, “ಒಂದೇ ಸೆಲ್ಫ್ ಅಣ್ಣ, ನೋಡ್ರೀ!” ಎಂದು ಇಂಜಿನ್ ಸ್ಟಾರ್ಟ್ ಮಾಡಿದ. ಜನ ಚಪ್ಪಾಳೆ ತಟ್ಟಿದರು.

ನಾನು ಹೌಹಾರಿದೆ. ಕಾರಿನ ಇಂಜಿನ್ನಿಗೆ ರೇಡಿಯೇಟರ್ ಇದೆ. ಇನ್‌ಬೋರ್ಡ್ ಬೋಟಿನ ಇಂಜಿನ್ ತಾನು ತೇಲುವ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. ನೀರೆಳೆಯುವ ಪಂಪಿನೊಳಗೆ ರಬ್ಬರ್ ರೆಕ್ಕೆಗಳ ಪುಟ್ಟ ಚಕ್ರವೊಂದಿದೆ, ಅದಕ್ಕೆ ಇಂಪೆಲ್ಲರ್ ಎಂದು ಹೆಸರು. ನೀರಿಲ್ಲದೆ ತಿರುಗಿದರೆ ರೆಕ್ಕೆಗಳು ಸುಟ್ಟು ಹೋಗುತ್ತವೆ. ಟ್ರೈಲರ್ ಮೇಲೆ ಸ್ಟಾರ್ಟ್ ಮಾಡಬೇಕಾದರೆ ಹೋಸ್ ಪೈಪಿನಿಂದ ನೀರು ಕೊಡಲೇಬೇಕು.

“ಆಫ್ ಮಾಡೋ! ನೀರಿಲ್ಲ ಅದಕ್ಕೆ!” ಎಂದು ಕೂಗಿದೆ.

“ಏನ್ ಗುರು ನೀವು, ಆರತಿ ಎತ್ತಿರೋವಾಗ ಆಫ್ ಮಾಡು ಅಂತೀರಲ್ಲ,” ಎಂದ ಲೋಕೇಶ ಮೇಲಿನಿಂದ.

ಮುನಿರಾಜುವಿನ ಕೈ ಹಿಡಿದು ಹೇಳಿದೆ, “ಮುನಿರಾಜು, ನಿಮ್ಮ ತೋಟದ ಬೋರ್‌ವೆಲ್ ಮೋಟರ್ ಡ್ರೈ ರನ್ ಆದ್ರೆ ಸುಮ್ನಿರ್ತೀರಾ? ಇದೂ ಅದೇ.”

ಅವನಿಗೆ ಅರ್ಥವಾಯಿತು. ಕಣ್ಣಿನಲ್ಲಿ ಕಂಡಿತು. ಆದರೂ ಕೈ ಮುಗಿದುಕೊಂಡೇ, “ಆರತಿ ಮುಗೀಲಿ ಗಂಗಣ್ಣ. ಮಧ್ಯದಲ್ಲಿ ನಿಂತ್ರೆ ಅಪಶಕುನ,” ಎಂದ. ಜನ ಒಬ್ಬೊಬ್ಬರೇ ಆರತಿ ತೆಗೆದುಕೊಂಡು ಮುಗಿಸುವವರೆಗೆ ಆ ಇಂಜಿನ್ ಓಡಿತು. ಕರ್ಪೂರದ ವಾಸನೆಯ ಜೊತೆಗೆ ಸುಟ್ಟ ರಬ್ಬರಿನ ವಾಸನೆ ಬಂತು. ಮೋಟರು ಪಂಪುಗಳ ಜೊತೆ ಬೆಳೆದ ಅಷ್ಟೂ ಜನಕ್ಕೆ ಆ ವಾಸನೆ ಏನೆಂದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಂಪೆಲ್ಲರ್ ಹೋದರೆ ಹುಡುಕಿ ಇನ್ನೊಂದು ಹಾಕಬಹುದು. ಪ್ರಸಾದ ಹಂಚುತ್ತಿರುವಾಗ ರಾಮಾಂಜಿ ರೇಷ್ಮೆ ಅಂಚಿನ ಪಂಚೆ ಮೇಲೆ ಕಟ್ಟಿ ಬೋಟಿನೊಳಗೆ ಇಳಿದ. ಕಾರ್ಪೆಟ್ಟಿನ ತುದಿ ಎತ್ತಿ, ಚೀಲದಲ್ಲಿ ಸದಾ ಇರುತ್ತಿದ್ದ ಸುತ್ತಿಗೆಯಿಂದ ಇಂಜಿನ್ನಿನ ಅಕ್ಕಪಕ್ಕ ತಟ್ಟತೊಡಗಿದ. ಗಟ್ಟಿ ಮರದ ಮೇಲೆ ತಟ್ಟಿದರೆ ಟಕ್ ಎನ್ನುತ್ತದೆ. ಇಲ್ಲಿ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ದಪ್ ಎನ್ನುತ್ತಿತ್ತು. ಕೆಳಗೆ ನಿಂತಿದ್ದ ನನಗೂ ಕೇಳಿಸಿತು.

ಇಂಥ ಬೋಟಿನ ತಳದಲ್ಲಿ ಉದ್ದಕ್ಕೆ ಎರಡು ತೊಲೆಗಳಿರುತ್ತವೆ. ಸ್ಟ್ರಿಂಗರ್ ಎನ್ನುತ್ತೇವೆ. ಒಳಗೆ ಮರ, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ. ಇಂಜಿನ್ ಕುಳಿತಿರುವುದು ಅವುಗಳ ಮೇಲೆ. ಬೋಲ್ಟಿನ ತೂತುಗಳಿಂದ ಎಷ್ಟೋ ವರ್ಷ ಹನಿಹನಿಯಾಗಿ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ, ಹೊದಿಕೆ ಮಾತ್ರ ಹೊಳೆಯುತ್ತಿರುತ್ತದೆ. ನಿಂತಲ್ಲಿ ಇಂಜಿನ್ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಜನ ತುಂಬಿಕೊಂಡು ವೇಗ ಹೆಚ್ಚಿಸಿದಾಗ ಇಂಜಿನ್ ತೊಲೆಯಿಂದ ಕಿತ್ತು ಬರುತ್ತದೆ. ಪ್ರೊಪೆಲ್ಲರ್ ತಿರುಗಿಸುವ ಅದರ ಶಾಫ್ಟು ತಳದ ತೂತಿನ ಮೂಲಕ ಹೊರಗೆ ಹೋಗಿರುವುದರಿಂದ ಆ ತೂತು ಬಾಯಿ ಬಿಡುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಗುರುತು ಹಾಕಲು ರಾಮಾಂಜಿಯ ಜೇಬಿನಲ್ಲಿ ಸೀಮೆಸುಣ್ಣ ಇರಲಿಲ್ಲ, ಪೂಜೆಗೆ ಬಂದವನು. ಆರತಿ ತಟ್ಟೆಯ ಕುಂಕುಮ ತೆಗೆದುಕೊಂಡು ದಪ್ ಎಂದ ಕಡೆಯಲ್ಲೆಲ್ಲ ಬೊಟ್ಟಿಟ್ಟ. ಎಡದ ತೊಲೆಯ ತುಂಬ ಬೊಟ್ಟುಗಳಾದವು.

“ಮುನಿರಾಜ, ಇಲ್ಲೊಂದು ಸಣ್ಣ ತೂತು ಹೊಡೀತೀನಿ ಕಣೋ. ಒಣ ಪುಡಿ ಬಂದ್ರೆ ಮರ ಗಟ್ಟಿ ಅಂತ, ನಾನೇ ರೆಸಿನ್ ಹಾಕಿ ಮುಚ್ತೀನಿ, ಗುರ್ತೂ ಇರಲ್ಲ. ಕಪ್ಪುಗೆ ಒದ್ದೆ ಬಂದ್ರೆ ಇದನ್ನ ನೀರಿಗೆ ಇಳಿಸ್ಬೇಡ.”

“ಪೂಜೆ ಆಗಿರೋ ಗಾಡಿಗೆ ತೂತಾ ಭಾವ?”

“ಪೂಜೆಗೆ ಮುಂಚೆ ಕರ್ದಿದ್ರೆ ಮುಂಚೆನೇ ಹೊಡೀತಿದ್ದೆ.”

ಲೋಕೇಶ ನಕ್ಕ. “ಅಣ್ಣ, ನಾನು ಹೇಳ್ಬಾರ್ದು, ದೊಡ್ಡೋರು. ಆದ್ರೆ ಇವ್ರ ಶೆಡ್ಡಲ್ಲೂ ಒಂದೆರಡು ಹಳೇ ಬೋಟು ನಿಂತಿರ್ತವೆ. ಇದು ಬೇಡ ಅಂದ್ರೆ ಯಾವ್ದು ಬೇಕು ಅಂತ ಅವ್ರೇ ಹೇಳ್ತಾರೆ ಬಿಡಿ.”

ನಮ್ಮ ಶೆಡ್ಡಿನಲ್ಲಿ ನಿಂತಿರುವವು ರಿಪೇರಿಗೆ ಬಂದ ಬೇರೆಯವರ ಬೋಟುಗಳು. ಮುನಿರಾಜುವಿಗೆ ಅದು ಗೊತ್ತು. ಚಿಕ್ಕಂದಿನಿಂದ ಆ ಶೆಡ್ಡಿಗೆ ಬಂದು ಹೋದವನು. ‘ನಮ್ಮ ಭಾವ ಅಂಥೋರಲ್ಲ’ ಎಂದು ಅವನು ಹೇಳುತ್ತಾನೆಂದು ನಾನು ಕಾದೆ. ರಾಮಾಂಜಿಯೂ ಕಾದ. ಮುನಿರಾಜು ಕೆಳಗೆ ನೋಡುತ್ತ, “ಮಾತು ಕೊಟ್ಟಾಗಿದೆ ಭಾವ,” ಎಂದ. ಅಷ್ಟೇ. ಲೋಕೇಶನ ಮಾತಿಗಿಂತ ಆ ಮೌನ ನನಗೆ ಇವತ್ತಿಗೂ ಉರಿಯುತ್ತದೆ.

ರಾಮಾಂಜಿ ಸುತ್ತಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡ. ಊಟಕ್ಕೆ ನಿಲ್ಲಲಿಲ್ಲ.

ಆಮೇಲೆ ಮಾತು ಬೆಳೆಯಿತು. ಭಾವನಿಗೆ ಹೊಟ್ಟೆಕಿಚ್ಚು, ಶುಭ ದಿನ ಕೆಟ್ಟ ಮಾತಾಡಿದರು, ಕಮಿಷನ್ ಸಿಗಲಿಲ್ಲವೆಂದು ಕೊಂಕು ತೆಗೆದರು. ಅಟ್ಟೂರಿನಲ್ಲಿ ಹಾಲು ತರಲು ಹೋದರೂ ಯಾರಾದರೊಬ್ಬರು, “ಏನ್ ರಾಮಾಂಜಿನಪ್ಪ, ಬಾಮೈದನ ಬೋಟು ಮುಳುಗ್ತದಂತೆ?” ಎಂದು ಕೆಣಕುತ್ತಿದ್ದರು. ಜಯಮ್ಮನ ಪಾಡು ಹೇಳುವಂತಿರಲಿಲ್ಲ. ಒಂದು ಕಡೆ ಗಂಡ, ಇನ್ನೊಂದು ಕಡೆ ತವರು. ಅವರ ಮನೆಯಲ್ಲಿ ನಾನು ಕಾಫಿ ಕುಡಿಯುತ್ತಿದ್ದಾಗಲೇ ಕೇಳಿದರು, “ಚೆನ್ನಾಗೈತೆ ಅಂತ ಒಂದು ಮಾತು ಅಂದ್ಬಿಡ್ರಿ. ನಿಮ್ಮ ಗಂಟೇನ್ ಹೋಯ್ತದೆ?”

“ನನ್ ಗಂಟು ಏನೂ ಓಗಲ್ಲ ಕಣೇ. ಅದ್ರಲ್ಲಿ ಕುಂತ್ಕೊಳ್ಳೋರ್ದು ಓಯ್ತದೆ,” ಎಂದ ರಾಮಾಂಜಿ.



ರೆಸಾರ್ಟಿಗೆ ಮೊದಲ ಅತಿಥಿಗಳಾಗಿ ಒಂದು ಶಾಲೆಯ ಪ್ರವಾಸ ಬುಕ್ ಆಗಿದೆ, ಬೋಟಿಂಗೂ ಇದೆ ಎಂದು ಯಾರೋ ಹೇಳಿದರು. ಆ ಸುದ್ದಿ ಕೇಳಿದ ದಿನ ರಾಮಾಂಜಿ ಕೆಲಸ ಮಾಡಲಿಲ್ಲ, ಸುಮ್ಮನೆ ಶೆಡ್ಡಿನ ಬಾಗಿಲಲ್ಲಿ ಕುಳಿತಿದ್ದ. ನಾನು ಮುನಿರಾಜುವಿಗೆ ಫೋನ್ ಮಾಡಿದೆ. “ಇಂಪೆಲ್ಲರ್ ಹಾಕ್ಸಾಯ್ತು ಗಂಗಣ್ಣ. ಒರಿಜಿನಲ್ ಸಿಗ್ಲಿಲ್ಲ, ಲೋಕೇಶ ರಬ್ಬರ್ ವರ್ಕ್ಸಲ್ಲಿ ಅಳತೆ ಕೊಟ್ಟು ಮಾಡಿಸ್ದ,” ಎಂದ. ತೊಲೆಯ ಮಾತು ತೆಗೆದ ಕೂಡಲೇ ಇನ್ನೊಂದು ಕಾಲ್ ಬರುತ್ತಿದೆ ಎಂದು ಇಟ್ಟುಬಿಟ್ಟ.

ಬೋಟು ನೀರಿಗಿಳಿಯುವ ಹಿಂದಿನ ವಾರ ಮುನಿರಾಜು ಅಕ್ಕನ ಮನೆಗೆ ಅರಿಶಿನ ಕುಂಕುಮ ಇಟ್ಟು ಕರೆಯಲು ಬಂದ. ಮಾತು ಬಿಟ್ಟಿದ್ದರೂ ಶಾಸ್ತ್ರ ಬಿಡುವ ಹಾಗಿರಲಿಲ್ಲ. ಹಿರಿ ಮಗಳು ಅಳಿಯ ಇಲ್ಲದೆ ಮೊದಲ ಸವಾರಿ ಆಗಕೂಡದು. ಅವನು ಕುಳಿತುಕೊಳ್ಳಲಿಲ್ಲ, ನೀರೂ ಕುಡಿಯಲಿಲ್ಲವಂತೆ. ರಾಮಾಂಜಿ ಒಂದೇ ಪ್ರಶ್ನೆ ಕೇಳಿದನಂತೆ.

“ಮೊದಲ್ನೇ ಸವಾರಿ ನಂದೇ ತಾನೆ? ನಾನು ಹೆಂಗಾದ್ರೂ ಓಡಿಸ್ಬೋದಾ?”

“ಅದು ನಿಮ್ಮ ಹಕ್ಕು ಭಾವ. ಯಾರು ಬೇಡ ಅಂತಾರೆ?”

ಮರುದಿನ ಶೆಡ್ಡಿಗೆ ಬಂದ ರಾಮಾಂಜಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. “ಗಂಗಾ, ಈಜು ಮರ್ತಿಲ್ಲ ತಾನೆ?” ಎಂದ.

ಆ ದಿನ ಹಿನ್ನೀರಿನ ದಡದಲ್ಲಿ ಶಾಮಿಯಾನ, ವಾದ್ಯ, ಶಾಲೆಯ ಬಸ್ಸು. ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು ಪ್ಲಾಸ್ಟಿಕ್ ಕವರು ಬಿಚ್ಚದೆ ಒಂದು ಮೂಲೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು. ಹಾಕಿಕೊಂಡರೆ ಫೋಟೋದಲ್ಲಿ ಯೂನಿಫಾರ್ಮ್ ಕಾಣುವುದಿಲ್ಲ ಎಂದು ಲೋಕೇಶ ಮೇಷ್ಟರಿಗೆ ಹೇಳುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದೆ.

ರಾಮಾಂಜಿ ಮೊದಲು ಆ ಕಟ್ಟಿನಿಂದ ಎರಡು ಜಾಕೆಟ್ ಬಿಚ್ಚಿ ಒಂದನ್ನು ನನಗೆ ಕೊಟ್ಟ. ಅಲ್ಲೇ ಮೀನು ಹಿಡಿಯುತ್ತಿದ್ದವರೊಬ್ಬರಿಗೆ, ಹರಿಗೋಲು ತೆಗೆದುಕೊಂಡು ನಮ್ಮ ಹಿಂದೆಯೇ ಇರಿ ಎಂದ. ಆಮೇಲೆ ಕಟ್ಟಡದ ಕೆಲಸಕ್ಕೆ ತಂದಿದ್ದ ಎಂ-ಸ್ಯಾಂಡನ್ನು ಮೂಟೆ ಕಟ್ಟಿಸಿ ಸೀಟಿಗೊಂದರಂತೆ ಬೋಟಿನಲ್ಲಿ ಇಡಿಸತೊಡಗಿದ.

“ಇದೇನ್ ಭಾವ?” ಎಂದ ಮುನಿರಾಜು.

“ಜನದ ಬದ್ಲು ಮರಳು. ಹೆಂಗಾದ್ರೂ ಓಡಿಸ್ಬೋದು ಅಂದ್ಯಲ್ಲ.”

“ಅಕ್ಕ ಎಲ್ಲಿ ಕೂತ್ಕೊಳ್ತಾಳೆ?”

“ನಿಮ್ಮಕ್ಕ ದಡದಲ್ಲಿರ್ತಾಳೆ. ಅವಳ ಬದ್ಲು ಗಂಗಾಧರ ಬತ್ತಾನೆ.”

“ಏನ್ ಗಂಗಣ್ಣ, ಯಾವಾಗ ಹಿರಿ ಮಗಳಾದ್ರಿ? ಮಡ್ಲಕ್ಕಿ ಕೊಡ್ಸೋಣ್ವಾ?” ಎಂದ ಲೋಕೇಶ. ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಭಯವಾದಾಗ ನನಗೆ ನಗು ಬರುತ್ತದೆ.

ದಡ ಬಿಟ್ಟು ತುಂಬ ದೂರ ಹೋಗಲಿಲ್ಲ. ನಿಧಾನಕ್ಕೆ ಓಡಿಸಿದಾಗ ಬೋಟು ಚೆನ್ನಾಗಿಯೇ ಹೋಯಿತು. ದಡದಲ್ಲಿ ಮಕ್ಕಳು ಕೂಗಿ ಕೈ ಬೀಸಿದರು. ರಾಮಾಂಜಿ ಇಂಜಿನ್ ಮುಚ್ಚಳ ತೆಗೆದು ಎಡದ ತೊಲೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದ. ಕುಂಕುಮವನ್ನು ಯಾರೋ ಒರೆಸಿ ಹೊಸದಾಗಿ ಬಣ್ಣ ಬಳಿದಿದ್ದರು. “ಈಗ ಜೋರು ಮಾಡು,” ಎಂದ. ನಾನು ಲಿವರ್ ಪೂರ್ತಿ ಒತ್ತಿದೆ. ಬೋಟಿನ ಮೂತಿ ಎದ್ದಿತು. ಸೌದೆ ಸೀಳಿದಂಥ ಸದ್ದು ಬಂತು. ಇಂಜಿನ್ ಎಡಕ್ಕೆ ವಾಲಿ ಒಮ್ಮೆ ನೆಗೆದು ಬಿತ್ತು. ಶಾಫ್ಟು ಹುಚ್ಚು ಹಿಡಿದಂತೆ ಒದರಾಡಿತು. ನಾನು ಇಂಜಿನ್ ನಿಲ್ಲಿಸುವಷ್ಟರಲ್ಲಿ ತಳದ ತೂತಿನಿಂದ ನೀರು ಮೊಣಕಾಲಿನ ಎತ್ತರಕ್ಕೆ ಚಿಮ್ಮುತ್ತಿತ್ತು.

ಇಬ್ಬರೂ ಮೂಟೆಗಳನ್ನು ಎತ್ತಿ ಹೊರಗೆ ಎಸೆದೆವು. ಅಷ್ಟಕ್ಕೇ ರಾಮಾಂಜಿಗೆ ಉಬ್ಬಸ ಬಂತು, ಅವನ ಕಾಯಿಲೆಯನ್ನು ನಾನು ಸರಿಯಾಗಿ ಗಮನಿಸಿದ್ದು ಅವತ್ತೇ. ಹರಿಗೋಲಿನವರು ಹಗ್ಗ ಎಸೆದು ನಮ್ಮನ್ನು ಆಳವಿಲ್ಲದ ಕಡೆಗೆ ಎಳೆದರು. ಬೋಟು ಎದೆಯುದ್ದ ನೀರಿನಲ್ಲಿ ನೆಲ ಮುಟ್ಟಿ ಕುಳಿತಿತು. ದಡದಲ್ಲಿ ವಾದ್ಯ ನಿಂತಿತ್ತು. ಮೇಷ್ಟರು ಮಕ್ಕಳನ್ನು ಎಣಿಸಿ ಬಸ್ಸಿಗೆ ಹತ್ತಿಸುತ್ತಿದ್ದರು, ಒಬ್ಬರೂ ನೀರಿಗೆ ಇಳಿದಿರದಿದ್ದರೂ.

ಈಗಲಾದರೂ ಒಂದು ಮಾತು ಬರುತ್ತದೆ ಎಂದುಕೊಂಡೆ. ಮಾತು ಬಂತು. ಲೋಕೇಶ ಎಲ್ಲರಿಗೂ ಕೇಳುವಂತೆ, “ಮರಳು ಮೂಟೆ ತುಂಬಿದ್ರೆ ಯಾವ್ ಬೋಟು ತಡೆಯುತ್ತೆ ಸಾರ್? ಬೇಕಂತ್ಲೇ ಹಾಳು ಮಾಡಿದ್ರು,” ಎಂದ. ಜನಕ್ಕಿಂತ ಆ ಮೂಟೆಗಳ ಭಾರ ಹೆಚ್ಚಿರಲಿಲ್ಲ ಎಂದು ನಾನು ಕೂಗಿದ್ದನ್ನು ಯಾರೂ ಕೇಳಲಿಲ್ಲ. ಮುನಿರಾಜು ಒದ್ದೆ ಬಟ್ಟೆಯಲ್ಲಿ ಏದುಸಿರು ಬಿಡುತ್ತಿದ್ದ ಭಾವನ ಹತ್ತಿರ ಬಂದು, “ಪೂಜೆ ದಿನಾನೇ ಆ ಮಾತಾಡ್ಬಾರ್ದಿತ್ತು ಭಾವ,” ಎಂದ. ತೊಲೆ ಕೊಳೆತದ್ದು ರಾಮಾಂಜಿಯ ನಾಲಿಗೆಯಿಂದ ಎನ್ನುವ ಹಾಗೆ!

ಆಮೇಲೆ ಎರಡು ಮನೆಗಳ ನಡುವೆ ಹೋಗುವುದು ಬರುವುದು ನಿಂತಿತು. ಬೋಟನ್ನು ಎತ್ತಿ ಸೋಲದೇವನಹಳ್ಳಿಯ ಅದೇ ಗೋಡೌನಿನಲ್ಲಿ ಟಾರ್ಪಾಲಿನ ಕೆಳಗೆ ಹಾಕಿದರು. ರಾಮಾಂಜಿ ಈ ಬಗ್ಗೆ ದೂರಲಿಲ್ಲ. ಆಕ್ಸಿಜನ್ ಸಿಲಿಂಡರ್ ಮನೆಗೆ ಬಂದ ಮೇಲೆ ನಾನು ಸಂಜೆ ಹೋಗಿ ಕೂರುತ್ತಿದ್ದೆ. ಒಂದು ಸಂಜೆ ಆರ್.ಟಿ. ನಗರದ ಯಾರೋ ಒಬ್ಬರು ನನಗೆ ಫೋನ್ ಮಾಡಿದ್ದ ವಿಷಯ ಹೇಳಿದೆ. ಹಳೆಯ ಇನ್‌ಬೋರ್ಡ್ ಬೋಟೊಂದು ಸಿಕ್ಕಿದೆ, ಹನ್ನೆರಡು ಸೀಟು, ನೀಲಿ ಬಣ್ಣ, ಲೋಕೇಶ ಎನ್ನುವವರು ತೋರಿಸಿದರು ಎಂದಿದ್ದರು. ಬಿಳಿಯ ಮೇಲೆ ನೀಲಿ ಬಳಿದಿದ್ದರು, ಅಷ್ಟೇ. ಬೇಡವೆಂದು ಅವರಿಗೆ ಹೇಳಿದ್ದೆ. ರಾಮಾಂಜಿ, “ಅವರು ನಿನಗೆ ಫೋನ್ ಮಾಡಿದ್ರು. ಮಾಡ್ದೇ ಇರೋರು?” ಎಂದ. ಕೊನೆಯವರೆಗೂ ಅವನನ್ನು ಕೊರೆದದ್ದು ಅದು.

ಅವನು ಹೋದ ಮೂರನೇ ದಿನ ಅಟ್ಟೂರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಂತು. ‘ನಮ್ಮ ಭಾಗದ ಹೆಮ್ಮೆಯ ಬೋಟ್ ತಜ್ಞರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಕೈ ಮುಗಿದ ಲೋಕೇಶನ ಚಿತ್ರ ಆಳೆತ್ತರ. ಪಕ್ಕದಲ್ಲಿ ಮುನಿರಾಜು. ರಾಮಾಂಜಿಯ ಮುಖ ಮೇಲಿನ ಮೂಲೆಯಲ್ಲಿ ಒಂದು ತಟ್ಟೆಯಷ್ಟು. ಹಿಂದೆ ಅಲಂಕಾರಕ್ಕೆ ಎಲ್ಲಿಂದಲೋ ತೆಗೆದ ಬೋಟಿನ ಚಿತ್ರ, ಅದರ ಇಂಜಿನ್ ಹಿಂಬದಿಗೆ ನೇತುಹಾಕಿದ್ದು, ಇನ್‌ಬೋರ್ಡ್ ಕೂಡ ಅಲ್ಲ. ಅವನು ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಬದುಕಿದ್ದಾಗ ಕಮಿಷನ್ ಏಜೆಂಟ್, ಸತ್ತ ಮೇಲೆ ತಜ್ಞ. ಏಣಿ ತಂದು ಹರಿದು ಹಾಕಬೇಕೆಂದಿದ್ದೆ. ಜಯಮ್ಮ ಬೇಡವೆಂದರು. “ತಿಥಿ ಆಗ್ಲಿ ಗಂಗಣ್ಣ,” ಎಂದರು.

ತಿಥಿಯ ದಿನ ಹೆಣ್ಣಿನ ತವರಿನವರು ಅವಳಿಗೆ ಸೀರೆ ತರುವುದು ಅವರ ಪದ್ಧತಿ. ಮುನಿರಾಜು ತಟ್ಟೆಯಲ್ಲಿ ಸೀರೆ ಇಟ್ಟುಕೊಂಡು ಅಕ್ಕನ ಮುಂದೆ ನಿಂತ. ಬಂಧುಗಳೆಲ್ಲ ಇದ್ದರು. ಲೋಕೇಶನೂ ಇದ್ದ. ಜಯಮ್ಮ ಕೈ ಚಾಚಲಿಲ್ಲ.

“ಅವತ್ತು ನಿಮ್ಮ ಭಾವ ಹೇಳಿದ್ದು ನಿಜಾನೋ ಸುಳ್ಳೋ? ಅದನ್ನ ಹೇಳು, ಆಮೇಲೆ ಸೀರೆ ಕೊಡು.”

“ಈಗ ಯಾಕಕ್ಕ ಅದೆಲ್ಲ...”

“ಈಗಲ್ದೆ ಇನ್ಯಾವಾಗ? ಆ ಮಕ್ಳು ಅದ್ರಲ್ಲಿ ಕುಂತಿದ್ರೆ ಏನಾಗ್ತಿತ್ತು, ಅದ್ನೂ ಹೇಳು.”

ಇನ್ನೊಮ್ಮೆ ಆ ಮೌನವೇ ಬರುತ್ತದೆ ಎಂದುಕೊಂಡೆ. ಜಯಮ್ಮ ಕದಲಲಿಲ್ಲ. ಕೊನೆಗೆ ಅವನು ಹೇಳಿದ, ತಲೆ ಎತ್ತದೆ, ಆದರೆ ಎಲ್ಲರಿಗೂ ಕೇಳುವಂತೆ.

“ಬೋಟು ಕೊಳೆತಿತ್ತು ಅಕ್ಕ. ಭಾವ ಹೇಳಿದ್ದೇ ನಿಜ. ನಂಗೆ ಅವತ್ತೇ ಗೊತ್ತಾಯ್ತು.”

“ಮಾರ್ತೀಯಾ ಅದನ್ನ?”

“ಇಲ್ಲ. ಒಡೆಸ್ತೀನಿ.”

ಜಯಮ್ಮ ಸೀರೆ ತೆಗೆದುಕೊಂಡರು. ಲೋಕೇಶನಿಗೆ ಫೋನ್ ಬಂದಿತ್ತಂತೆ, ಹೊರಗೆ ಹೋದವನು ಊಟಕ್ಕೆ ಬರಲಿಲ್ಲ. ಸಂಜೆಯೊಳಗೆ ಫ್ಲೆಕ್ಸೂ ಇರಲಿಲ್ಲ. ಇಳಿಸಿದವನು ಮುನಿರಾಜು ಎಂದು ಆಮೇಲೆ ತಿಳಿಯಿತು.

ಬೋಟನ್ನು ಒಡೆದವನು ನಾನೇ. ಕುಂಕುಮದ ಬೊಟ್ಟುಗಳು ಎಲ್ಲೆಲ್ಲಿದ್ದವು ಎಂದು ನೆನಪಿತ್ತು. ಎಡದ ತೊಲೆಯನ್ನು ಕೊಯ್ದಾಗ ಒಳಗಿನ ಮರ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಗೆ ಬಂತು. ಮುನಿರಾಜು ಅದನ್ನು ಹಿಡಿದುಕೊಂಡು ನಿಂತಿದ್ದ. ನಾನು ಸಮಾಧಾನ ಹೇಳಲಿಲ್ಲ. ಅವನ ಮೇಲೆ ನನಗೆ ಈಗ ಮುನಿಸಿಲ್ಲ, ಸಿಟ್ಟು ಮಾತ್ರ ಪೂರ್ತಿ ಹೋಗಿಲ್ಲ. ಅವತ್ತೇ ಗೊತ್ತಿದ್ದ ಒಂದು ಮಾತನ್ನು ಬಾಯಿ ಬಿಟ್ಟು ಹೇಳಲು ಒಬ್ಬ ಮನುಷ್ಯ ಸಾಯಬೇಕಾಗಿತ್ತೇ?

ದೋಷ ಕಂಡುಹಿಡಿಯುವುದೇ ಸರ್ವೇ ಎಂದು ನಾನು ಬಹುಕಾಲ ತಿಳಿದಿದ್ದೆ. ಹೇಳಿದ್ದನ್ನು ನಂಬದವರ ನಡುವೆಯೂ ಹೇಳಿದ ಮಾತಿನ ಮೇಲೆ ನಿಲ್ಲುವುದು, ಬೇಕಾದರೆ ಅವರೇ ಕೊಟ್ಟ ಹಕ್ಕನ್ನು ಹಿಡಿದು ನೀರಿಗಿಳಿಯುವುದು ಈ ಕೆಲಸದ ಇನ್ನೊಂದು ಅರ್ಧ. ಅದನ್ನು ನನಗೆ ಕಲಿಸಿದವನು ರಾಮಾಂಜಿ. ಈಗ ಅವನ ಸುತ್ತಿಗೆಯಿಂದ ನಾನೇ ಒಡಲು ತಟ್ಟುತ್ತೇನೆ. ನನ್ನ ಕಿವಿ ಅವನಷ್ಟು ಚುರುಕಲ್ಲ, ಅನು‍ಮಾನ ಬಂದ ಕಡೆಯೆಲ್ಲ ಡ್ರಿಲ್ ತೆಗೆಯುತ್ತೇನೆ.

ಮೊನ್ನೆ ಹೆಬ್ಬಾಳದಿಂದ ಒಬ್ಬರು ಫೋನ್ ಮಾಡಿದ್ದರು. ಹಳೆಯ ಬೋಟು, ಕಂಪನಿ ಮುಚ್ಚಿ ಹೋಗಿದೆ, ನೋಡಲು ಬರುತ್ತೀರಾ ಎಂದರು.

“ತಾಂಬೂಲ ಆಗಿದ್ಯಾ?” ಎಂದು ಕೇಳಿದೆ.

“ಇಲ್ಲ ಸಾರ್, ನೀವು ನೋಡಿದ್ಮೇಲೇನೇ. ಯಾಕೆ?”

“ಹಂಗಾದ್ರೆ ಬರ್ತೀನಿ. ತೂತು ಹೊಡೆಯೋಕೆ ಬಿಡ್ತೀರಾ?”